ಐದು ತಗಡಿನ ಶಿರಸ್ತ್ರಾಣ: ಮಧ್ಯಯುಗದ ಗ್ರೇಟ್ ಹೆಲ್ಮ್ ಅನ್ನು ಮನೆಯಲ್ಲಿಯೇ ಮಾಡುವ ಕ್ರಮ

ಮಧ್ಯಯುಗದ ಯೂರೋಪಿನ ನೈಟ್‌ಗಳು, ಅಂದರೆ ಕುದುರೆಯೇರಿ ಕಾದುವ ಯೋಧರು, ಧರಿಸಿದ ಹಲವು ಬಗೆಯ ಶಿರಸ್ತ್ರಾಣಗಳಲ್ಲಿ, ಕುಲುಮೆಯಿಲ್ಲದವರು ತಮ್ಮ ಕೊಟ್ಟಿಗೆಯಲ್ಲಿ ಕೂತು ಮಾಡಲು ಎಲ್ಲಕ್ಕಿಂತ ಒದಗಿ ಬರುವುದು 13ನೆಯ ಶತಮಾನದ ಗ್ರೇಟ್ ಹೆಲ್ಮ್. ಕೊಳಗವನ್ನು ಬೋರಲು ಹಾಕಿದಂತೆ ಕಾಣುವ, ತಲೆಯನ್ನೂ ಮುಖವನ್ನೂ ಪೂರ್ತಿಯಾಗಿ ಮುಚ್ಚುವ ಈ ಶಿರಸ್ತ್ರಾಣವು ಬೇರೆ ಬೇರೆ ತಗಡುಗಳನ್ನು ಬಾಗಿಸಿ, ಒಂದರ ಮೇಲೊಂದು ಏರಿಸಿ, ರಿವೆಟ್ (ತುದಿಯನ್ನು ಬಡಿದು ಅಗಲಿಸಿ ಬಿಗಿಯುವ ಮೊಳೆ) ಹೊಡೆದು ಕೂಡಿಸಿದ ವಸ್ತು. ಅದರ ನಂತರ ಬಂದ ಬ್ಯಾಸಿನೆಟ್, ಸ್ಯಾಲೆಟ್ ಎಂಬ ಶಿರಸ್ತ್ರಾಣಗಳ ತಲೆಯ ಭಾಗವನ್ನು ಒಂದೇ ಉಕ್ಕಿನ ತುಂಡನ್ನು ಕಾಯಿಸಿ ಬಡಿದು ಬಟ್ಟಲಿನ ಆಕಾರಕ್ಕೆ ತರಬೇಕಾಗುತ್ತದೆ; ಅದು ವರ್ಷಗಟ್ಟಲೆ ಕೈ ಪಳಗಿದವರ ಕೆಲಸ. ನಾನು ವಿರಾಜಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುವವನು. ಮಕ್ಕಳ ನಾಟಕಕ್ಕೆಂದು ರಟ್ಟಿನಲ್ಲಿ ಆರಂಭಿಸಿದ ಈ ಕೆಲಸ ನಂತರ ಉಕ್ಕಿಗೆ ಬಂದಿತು, ಮತ್ತು ಈವರೆಗೆ ಮಾಡಿದ ನಾಲ್ಕು ಶಿರಸ್ತ್ರಾಣಗಳಲ್ಲಿ ಎರಡು ಕೆಟ್ಟವು. ಅವು ಏಕೆ ಕೆಟ್ಟವು ಎಂಬುದನ್ನೂ ಸೇರಿಸಿಕೊಂಡೇ ಇಲ್ಲಿ ಬರೆಯುತ್ತಿದ್ದೇನೆ.

ತಗಡಿಗೆ ಕೈ ಹಾಕುವ ಮುನ್ನ ಈ ಆಕಾರ ಹೇಗೆ ಬಂದಿತೆಂಬುದನ್ನು ತಿಳಿದಿರಬೇಕು, ಏಕೆಂದರೆ ಶಿರಸ್ತ್ರಾಣದಲ್ಲಿರುವ ಪ್ರತಿಯೊಂದು ಅಂಚಿಗೂ ರಂಧ್ರಕ್ಕೂ ಒಂದು ಕಾರಣವಿದೆ, ಮತ್ತು ಆ ಕಾರಣ ಗೊತ್ತಿದ್ದರೆ ಅಳತೆಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ. 11ನೆಯ ಶತಮಾನದ ನಾರ್ಮನ್ ಸವಾರರು ಶಂಕುವಿನ ಆಕಾರದ, ಮೂಗಿನ ಮೇಲೆ ಒಂದು ಪಟ್ಟಿ ಇಳಿದಿರುವ ಶಿರಸ್ತ್ರಾಣ ಧರಿಸುತ್ತಿದ್ದರು. 1066ರ ಹೇಸ್ಟಿಂಗ್ಸ್ ಕಾಳಗವನ್ನು ಕಸೂತಿಯಲ್ಲಿ ಮೂಡಿಸಿದ ಬೇಯು ಬಟ್ಟೆಯಲ್ಲಿ, ತಾನು ಸತ್ತಿಲ್ಲವೆಂದು ತನ್ನವರಿಗೆ ತೋರಿಸಲು ನಾರ್ಮನ್ನರ ನಾಯಕ ವಿಲಿಯಂ ತನ್ನ ಶಿರಸ್ತ್ರಾಣವನ್ನು ಹಿಂದಕ್ಕೆ ಸರಿಸಿ ಮುಖ ಕಾಣಿಸುವ ದೃಶ್ಯವಿದೆ. ಮುಖದ ಬಹುಭಾಗ ತೆರೆದೇ ಇದ್ದಾಗಲೂ ಗುರುತು ಹಿಡಿಯುವುದು ಅಷ್ಟು ಕಷ್ಟವಾಗಿದ್ದರೆ, 12ನೆಯ ಶತಮಾನದ ಕೊನೆಯಲ್ಲಿ ಮುಖಕ್ಕೆ ತಗಡು ಬಂದು, 13ನೆಯ ಶತಮಾನದ ಮೊದಲರ್ಧದಲ್ಲಿ ಹಿಂಭಾಗವೂ ಮುಚ್ಚಿಹೋದ ಮೇಲೆ ಏನಾಗಿರಬೇಕೆಂದು ಊಹಿಸಬಹುದು. ಗುರಾಣಿಯ ಮೇಲಿನ ವಂಶಲಾಂಛನಗಳಿಗೂ ಶಿರಸ್ತ್ರಾಣದ ನೆತ್ತಿಯ ಮೇಲೆ ಕಟ್ಟುತ್ತಿದ್ದ ಪ್ರಾಣಿ, ಪಕ್ಷಿಗಳ ರೂಪಗಳಿಗೂ ಮಹತ್ವ ಹೆಚ್ಚಲು ಈ ಮುಚ್ಚಿದ ಮುಖವೂ ಒಂದು ಕಾರಣ.

ಶಿರಸ್ತ್ರಾಣದ ಆಕಾರ ಬದಲಾಗುತ್ತಾ ಬಂದುದರ ಇನ್ನೊಂದು ಕಾರಣವನ್ನು ನಮ್ಮ ಮನೆಯ ಮಾಡು ನೋಡಿದರೆ ತಿಳಿಯಬಹುದು. ಕೊಡಗಿನ ಹೆಂಚಿನ ಮನೆಯ ಮಾಡು ಮಳೆಯನ್ನು ಎದುರಿಸುವುದು ತನ್ನ ಗಟ್ಟಿತನದಿಂದಲ್ಲ, ಇಳಿಜಾರಿನಿಂದ. ಶಿರಸ್ತ್ರಾಣದ ವಿನ್ಯಾಸವೂ ಹಾಗೆಯೇ. ಹೊಡೆತವು ತಗಡಿಗೆ ನೇರವಾಗಿ ಬೀಳದೆ 60 ಡಿಗ್ರಿ ಓರೆಯಾಗಿ ಬಿದ್ದರೆ, ತಗಡನ್ನು ಒಳಕ್ಕೆ ಒತ್ತುವ ಬಲದ ಪಾಲು ಅರ್ಧಕ್ಕೆ ಇಳಿಯುತ್ತದೆ. ಉಳಿದದ್ದು ಮೇಲ್ಮೈಯ ಉದ್ದಕ್ಕೂ ಜಾರಿಹೋಗುತ್ತದೆ. ಈ ದೃಷ್ಟಿಯಿಂದ ಗ್ರೇಟ್ ಹೆಲ್ಮ್‌ನ ಚಪ್ಪಟೆ ನೆತ್ತಿ ಒಂದು ದೋಷವೇ ಸರಿ. ಮೇಲಿನಿಂದ ಬೀಳುವ ಕತ್ತಿಯ ಏಟಿಗೆ ಅದು ಎದೆಯೊಡ್ಡಿ ನಿಲ್ಲುತ್ತದೆ. 1300ರ ಹೊತ್ತಿಗೆ ಕಮ್ಮಾರರು ನೆತ್ತಿಯನ್ನು ಗೋಪುರದಂತೆ ಮೊನಚು ಮಾಡಿ, ಸಕ್ಕರೆಯ ಅಚ್ಚಿನ ಆಕಾರವೆಂದು ಹೆಸರಾದ ಬಗೆಯನ್ನು ತಂದರು. ಹಾಗಿದ್ದರೂ ಚಪ್ಪಟೆ ನೆತ್ತಿಯದನ್ನೇ ಮೊದಲು ಮಾಡಬೇಕೆಂದು ನಾನು ಹೇಳುತ್ತೇನೆ: ಮೊನಚು ನೆತ್ತಿಗೆ ಬೇಕಾದ ಉಬ್ಬು ಮೊದಲ ಪ್ರಯತ್ನದಲ್ಲಿ ಬರುವುದಿಲ್ಲ, ಮತ್ತು ಚಪ್ಪಟೆ ನೆತ್ತಿಯ ಕೊರತೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಮುಂದಿನ ನೂರು ವರ್ಷಗಳ ಬದಲಾವಣೆ ತಾನಾಗಿ ಅರ್ಥವಾಗುತ್ತದೆ.

ತಲೆಯ ಅಳತೆ, ರಟ್ಟಿನ ಮಾದರಿ

ಧರಿಸುವವರ ತಲೆಯನ್ನು ಹಣೆಯಿಂದ ಹಿಂದಲೆಯವರೆಗೆ ಉದ್ದಕ್ಕೂ, ಕಿವಿಗಳ ಮೇಲೆ ಅಡ್ಡಕ್ಕೂ ಅಳೆಯಿರಿ. ಟೇಪನ್ನು ತಲೆಗೆ ಸುತ್ತಬೇಡಿ. ಎರಡು ಪುಸ್ತಕಗಳನ್ನು ತಲೆಯ ಎರಡು ಬದಿಗೆ ಒತ್ತಿ ಹಿಡಿದು ನಡುವಿನ ಅಂತರವನ್ನು ನೋಡಬೇಕು. ವಯಸ್ಕರಲ್ಲಿ ಉದ್ದ ಸುಮಾರು 20 ಸೆಂ.ಮೀ., ಅಗಲ ಸುಮಾರು 16 ಸೆಂ.ಮೀ. ಬರುತ್ತದೆ. ಒಳಗಿನ ಮೆತ್ತೆಗೆ ಪ್ರತಿ ಬದಿಗೂ 2 ಸೆಂ.ಮೀ. ಬಿಡಬೇಕು, ಮುಖದ ಮುಂದೆ ಮೂಗಿಗೂ ಉಸಿರಿಗೂ ಇನ್ನೊಂದು 2 ಸೆಂ.ಮೀ. ಬೇಕು. ಹೀಗೆ ಶಿರಸ್ತ್ರಾಣದ ಒಳ ಅಳತೆ ಉದ್ದಕ್ಕೆ 26, ಅಗಲಕ್ಕೆ 20 ಸೆಂ.ಮೀ. ಆಗುತ್ತದೆ. ಈ ಎರಡನ್ನೂ ಕೂಡಿಸಿ, ಅರ್ಧ ಮಾಡಿ, 3.14ರಿಂದ ಗುಣಿಸಿದರೆ 72 ಸೆಂ.ಮೀ. ಸುತ್ತಳತೆ ಸಿಗುತ್ತದೆ. ಮುಂದೆ ಕೊಡುವ ಅಳತೆಗಳೆಲ್ಲ ಈ 72ಕ್ಕೆ ಹೊಂದಿದವು. ನಿಮ್ಮ ಸುತ್ತಳತೆ ಬೇರೆಯಾದರೆ ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಿ.

ಎತ್ತರಕ್ಕೆ ಎರಡು ಅಳತೆ ಸಾಕು: ನೆತ್ತಿಯಿಂದ ಕಣ್ಣಿನ ಮಟ್ಟದವರೆಗೆ, ಕಣ್ಣಿನಿಂದ ಗದ್ದದವರೆಗೆ. ಎರಡೂ ಹೆಚ್ಚು ಕಡಿಮೆ 12 ಸೆಂ.ಮೀ. ಇರುತ್ತವೆ. ನೆತ್ತಿಯ ಮೇಲೆ ಮೆತ್ತೆಗೆಂದು 3 ಸೆಂ.ಮೀ. ಸೇರಿಸಿದರೆ ಕಣ್ಣಿನ ಸಾಲು ಮೇಲಿನಿಂದ 15 ಸೆಂ.ಮೀ. ಕೆಳಗೆ ಬರುತ್ತದೆ. ಈ 3 ಸೆಂ.ಮೀ. ಮರೆತದ್ದೇ ನನ್ನ ಮೊದಲ ಶಿರಸ್ತ್ರಾಣ ಕೆಟ್ಟದ್ದಕ್ಕೆ ಕಾರಣ. ಮೆತ್ತೆ ಹಾಕಿದ ಮೇಲೆ ಅದು ಮೇಲೇರಿ ಕುಳಿತು, ನೋಟದ ಸೀಳು ಹುಬ್ಬಿನ ಮಟ್ಟಕ್ಕೆ ಹೋಯಿತು. ಹುಡುಗ ರಂಗದ ಮೇಲೆ ತಲೆ ಬಗ್ಗಿಸಿಕೊಂಡೇ ನಡೆಯಬೇಕಾಯಿತು.

ಈಗ ದಪ್ಪ ರಟ್ಟಿನಲ್ಲಿ ಐದು ತುಂಡುಗಳನ್ನು ಬರೆದುಕೊಳ್ಳಿ: ಮುಂದಿನ ಮೇಲುತಗಡು, ಮುಂದಿನ ಕೆಳತಗಡು, ಹಿಂದಿನ ಮೇಲುತಗಡು, ಹಿಂದಿನ ಕೆಳತಗಡು ಮತ್ತು ನೆತ್ತಿ. ಹಿಂದಿನವು 36 ಸೆಂ.ಮೀ. ಅಗಲ, ಮುಂದಿನವು 39 ಸೆಂ.ಮೀ. ಅಗಲವಿರಲಿ. ಮುಂದಿನದು ಹಿಂದಿನದರ ಮೇಲೆ ಎರಡೂ ಬದಿಗೆ ಒಂದೂವರೆ ಸೆಂ.ಮೀ. ಏರಿ ಕೂರಬೇಕು. ಇದು ಬರಿಯ ಅಂದಕ್ಕಲ್ಲ. ಮುಂದಿನಿಂದ ಬರುವ ಮೊನೆಯು ಬದಿಗೆ ಜಾರುವಾಗ ಸಂದಿನಲ್ಲಿ ಸಿಕ್ಕಿಕೊಳ್ಳದಂತೆ ಮುಂದಿನ ತಗಡೇ ಹೊರಗಿರಬೇಕು. ಮೇಲುತಗಡುಗಳ ಎತ್ತರ 15 ಸೆಂ.ಮೀ., ಹಿಂದಿನ ಕೆಳತಗಡಿನದು 16.5 ಸೆಂ.ಮೀ., ಅದರಲ್ಲಿ ಒಂದೂವರೆ ಸೆಂ.ಮೀ. ಮೇಲಿನದರ ಅಡಿಗೆ ಸೇರಿಕೊಳ್ಳುತ್ತದೆ. ಮುಂದಿನ ಕೆಳತಗಡು ಬದಿಗಳಲ್ಲಿ 16.5 ಇದ್ದು, ನಟ್ಟನಡುವೆ ಎದೆಯ ಕಡೆಗೆ ಇಳಿಯುತ್ತಾ 19.5 ಸೆಂ.ಮೀ. ಆಗುವ ಹಾಗೆ ಕೆಳ ಅಂಚನ್ನು ಚೂಪು ಮಾಡಿ.

ಮೇಲಿನ ಭಾಗವು ನೆತ್ತಿಯ ಕಡೆಗೆ ತುಸು ಕಿರಿದಾಗಬೇಕು. ಲೆಕ್ಕ ಹಾಕುವುದಕ್ಕಿಂತ ಕೈಯಿಂದ ಕಂಡುಕೊಳ್ಳುವುದು ಸುಲಭ. ಎರಡೂ ಮೇಲುತುಂಡುಗಳನ್ನು ಅಂಟುಪಟ್ಟಿಯಿಂದ ಕೂಡಿಸಿ ಸುರುಳಿ ಮಾಡಿ, ಮೇಲಂಚಿನಿಂದ ಕೆಳಕ್ಕೆ ಆರು ಕಡೆ ನೇರ ಸೀಳು ಕೊಯ್ದು, ಪ್ರತಿಯೊಂದರ ತುದಿಯನ್ನು 1 ಸೆಂ.ಮೀ. ಒಂದರ ಮೇಲೊಂದು ತಂದು ಅಂಟಿಸಿ. ಮೇಲಿನ ಸುತ್ತಳತೆ 66 ಸೆಂ.ಮೀ.ಗೆ ಇಳಿಯುತ್ತದೆ. ಆಮೇಲೆ ಬದಿಯ ಜೋಡಣೆಗಳನ್ನು ಬಿಚ್ಚಿ ತುಂಡುಗಳನ್ನು ಚಪ್ಪಟೆಯಾಗಿ ಹರವಿದರೆ, ಕೆಳಗೂ ಮೇಲೂ ಬಾಗಿದ ಅಂಚುಳ್ಳ ಬೀಸಣಿಗೆಯ ಆಕಾರ ಕಾಣುತ್ತದೆ. ಅದನ್ನೇ ಹೊಸ ರಟ್ಟಿಗೆ ಎತ್ತಿಕೊಳ್ಳಿ. ನೆತ್ತಿಗೆ ಮೇಲಂಚಿನ ಸುತ್ತಲೂ ಪೆನ್ಸಿಲ್ ಎಳೆದು ಅಂಡಾಕಾರ ಪಡೆದು, ಸುತ್ತಲೂ 12 ಮಿ.ಮೀ. ಮಡಿಕೆಗೆಂದು ಬಿಟ್ಟು ಕತ್ತರಿಸಬೇಕು.

ಶಾಲೆಯ ನಾಟಕಕ್ಕೆ, ಮಡಿಕೇರಿ ದಸರಾದ ಮಂಟಪಗಳಂಥ ಸ್ತಬ್ಧಚಿತ್ರದ ಕೆಲಸಕ್ಕೆ, ಇಷ್ಟೇ ಸಾಕು. ರಟ್ಟಿನ ತುಂಡುಗಳನ್ನು ಹಿತ್ತಾಳೆಯ ಕಾಗದದ ಪಿನ್ನುಗಳಿಂದ ಕೂಡಿಸಿ, ಎರಡು ಪದರ ಕಾಗದ ಮತ್ತು ಮೈದಾ ಅಂಟು ಬಳಿದು ಒಣಗಿಸಿ, ಸೀಸದಂತೆ ಕಾಣುವ ಬೂದು ಬಣ್ಣ ಹಚ್ಚಿದರೆ ಹತ್ತು ಅಡಿ ದೂರದಿಂದ ಉಕ್ಕೆಂದೇ ಕಾಣುತ್ತದೆ. ಉಕ್ಕಿನದನ್ನು ಮಾಡುವವರು ಕೂಡ ಈ ರಟ್ಟಿನ ಶಿರಸ್ತ್ರಾಣವನ್ನು ಒಂದು ದಿನವಾದರೂ ತಲೆಗೆ ಹಾಕಿಕೊಂಡು ಓಡಾಡಲೇಬೇಕು. ತಗಡು ಕತ್ತರಿಸಿದ ಮೇಲೆ ತಪ್ಪು ತಿದ್ದಲು ಸಾಧ್ಯವಿಲ್ಲ.

ತಗಡು

ಬೇಕಾದದ್ದು ಯಾವ ಲೇಪವೂ ಇಲ್ಲದ ಮೃದು ಉಕ್ಕಿನ ತಗಡು, 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪದ್ದು. ಐದು ತುಂಡುಗಳಿಗೆ ಒಟ್ಟು 0.28 ಚದರ ಮೀಟರ್ ಬೇಕಾಗುತ್ತದೆ. ಈ ದಪ್ಪದ ಉಕ್ಕು ಚದರ ಮೀಟರಿಗೆ 9.4 ಕಿಲೋ ತೂಗುವುದರಿಂದ ಮುಗಿದ ಶಿರಸ್ತ್ರಾಣ 2.6 ಕಿಲೋ ಆಸುಪಾಸಿನಲ್ಲಿರುತ್ತದೆ. ಇದು ಮೂಲಕ್ಕೆ ದೂರವಾದ ತೂಕವಲ್ಲ. 1375ರಲ್ಲಿ ತೀರಿಕೊಂಡ ಸರ್ ರಿಚರ್ಡ್ ಪೆಂಬ್ರಿಜ್ ಎಂಬ ಇಂಗ್ಲಿಷ್ ನೈಟ್‌ನ ಶಿರಸ್ತ್ರಾಣವು ಹಿಂದೆ ಹೆರೆಫರ್ಡ್ ಕೆಥೆಡ್ರಲ್‌ನಲ್ಲಿದ್ದ ಅವನ ಸಮಾಧಿಯ ಮೇಲಿತ್ತು. ಈಗ ಎಡಿನ್‌ಬರೊದಲ್ಲಿರುವ ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಉಳಿದು ಬಂದ ಬೆರಳೆಣಿಕೆಯ ಗ್ರೇಟ್ ಹೆಲ್ಮ್‌ಗಳಲ್ಲಿ ಒಂದಾದ ಅದರ ತೂಕ ಸುಮಾರು ಎರಡೂವರೆ ಕಿಲೋ. 16 ಗೇಜಿನ ತಗಡು ತೆಗೆದುಕೊಂಡರೆ ತೂಕ ಮೂರೂವರೆ ಕಿಲೋ ಆಗುತ್ತದೆ, ಬಾಗಿಸಲು ಇಬ್ಬರು ಬೇಕಾಗುತ್ತದೆ.

ಬಿಳಿ ಹೊಳಪಿನ, ಸತುವು ಲೇಪಿಸಿದ ತಗಡನ್ನು ಯಾವ ಕಾರಣಕ್ಕೂ ಕೊಳ್ಳಬೇಡಿ. ಮಳೆಗಾಲದ ನಾಡಿನಲ್ಲಿ ಅದೇ ಒಳ್ಳೆಯದೆಂದು ಅಂಗಡಿಯವರು ಹೇಳುವುದುಂಟು. ಮಾಡಿಗೆ, ನೀರಿನ ಪೈಪಿಗೆ ಅದು ನಿಜ. ಆದರೆ ಅದನ್ನು ಕಾಯಿಸಿದರೆ ಅಥವಾ ಬೆಸುಗೆ ಹಾಕಿದರೆ ಏಳುವ ಸತುವಿನ ಹೊಗೆ ಉಸಿರಿನಲ್ಲಿ ಸೇರಿ ಚಳಿಜ್ವರ ತರಿಸುತ್ತದೆ. ಜೊತೆಗೆ ಆ ಹೊಳಪು ಮಧ್ಯಯುಗದ ಉಕ್ಕಿನ ಬಣ್ಣವೂ ಅಲ್ಲ.

ಕತ್ತರಿಸಲು ತಗಡಿನ ಕತ್ತರಿ ಸಾಕು. ಕೈಗವಸು, ಕಣ್ಣಿನ ಕನ್ನಡಕ ಕಡ್ಡಾಯ. ಹೊಸದಾಗಿ ಕತ್ತರಿಸಿದ ಅಂಚು ಕತ್ತಿಗಿಂತ ಕೆಟ್ಟದಾಗಿ ಗಾಯ ಮಾಡುತ್ತದೆ, ಆದ್ದರಿಂದ ಪ್ರತಿಯೊಂದು ತುಂಡು ಕೈಗೆ ಬಂದ ಕೂಡಲೇ ಅಂಚುಗಳನ್ನು ಅರದಿಂದ ಉಜ್ಜಿ, ನಂತರ ಉಪ್ಪುಕಾಗದ ತಿಕ್ಕಬೇಕು. ಉಕ್ಕಿನ ಕೆಲಸಕ್ಕೆ ನಮ್ಮಲ್ಲಿ ಒಳ್ಳೆಯ ಕಾಲವೆಂದರೆ ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಆಸುಪಾಸಿನ ಮಾರ್ಚ್, ಏಪ್ರಿಲ್ ತಿಂಗಳುಗಳು. ಜೂನ್ ಬಂದರೆ, ಬೆಳಿಗ್ಗೆ ಉಜ್ಜಿಟ್ಟ ತಗಡಿನ ಮೇಲೆ ಸಂಜೆಗೆ ಕೆಂಪು ಚುಕ್ಕೆಗಳು ಕಾಣುತ್ತವೆ.

ಕಣ್ಣಿನ ಸೀಳು, ಉಸಿರಿನ ರಂಧ್ರ

ಇಲ್ಲಿಯೇ ನಿಧಾನಿಸಬೇಕು. ಇಡೀ ಶಿರಸ್ತ್ರಾಣದಲ್ಲಿ ಅತ್ಯಂತ ಕಷ್ಟದ ರಾಜಿ ಏರ್ಪಟ್ಟಿರುವುದು ಈ ಒಂದು ಸೆಂಟಿಮೀಟರಿನ ಸೀಳಿನಲ್ಲಿ. ಸೀಳು ಅಗಲವಾದಷ್ಟೂ ನೋಟ ಚೆನ್ನ, ಸಾವೂ ಹತ್ತಿರ. 1559ರ ಜೂನ್ 30ರಂದು ಪ್ಯಾರಿಸ್‌ನಲ್ಲಿ ನಡೆದ ಈಟಿಯ ಪಂದ್ಯದಲ್ಲಿ ಫ್ರಾನ್ಸಿನ ದೊರೆ ಎರಡನೆಯ ಹೆನ್ರಿಯ ಎದುರಾಳಿಯ ಈಟಿ ಮುರಿದು, ಅದರ ಚೂರುಗಳು ಶಿರಸ್ತ್ರಾಣದ ಮುಖಭಾಗವನ್ನು ದಾಟಿ ಅವನ ಕಣ್ಣಿಗೆ ನೆಟ್ಟವು. ಹತ್ತು ದಿನಗಳ ನಂತರ ಅವನು ತೀರಿಕೊಂಡನು. ಅಷ್ಟು ಹೊತ್ತಿಗೆ ಶಿರಸ್ತ್ರಾಣದ ಕಲೆ ಗ್ರೇಟ್ ಹೆಲ್ಮ್‌ನಿಂದ ಮುನ್ನೂರು ವರ್ಷ ಮುಂದೆ ಬಂದಿತ್ತು.

ಅಗಲವನ್ನು ಹೆಚ್ಚಿಸದೆ ನೋಟವನ್ನು ಹೆಚ್ಚಿಸುವ ಒಂದೇ ದಾರಿ ಸೀಳನ್ನು ಕಣ್ಣಿಗೆ ಹತ್ತಿರ ತರುವುದು. 10 ಮಿ.ಮೀ. ಸೀಳು ಕಣ್ಣಿನಿಂದ 4 ಸೆಂ.ಮೀ. ದೂರದಲ್ಲಿದ್ದರೆ ಮೇಲಕ್ಕೂ ಕೆಳಕ್ಕೂ ಸೇರಿ 14 ಡಿಗ್ರಿಯಷ್ಟು ಮಾತ್ರ ಕಾಣುತ್ತದೆ; ಅದೇ ಸೀಳು ಎರಡೂವರೆ ಸೆಂ.ಮೀ. ದೂರದಲ್ಲಿದ್ದರೆ 22 ಡಿಗ್ರಿ ದಾಟುತ್ತದೆ. ಆದ್ದರಿಂದ ಹಣೆಯ ಮೆತ್ತೆಯನ್ನು ಬೇಕಾದ್ದಕ್ಕಿಂತ ದಪ್ಪ ಮಾಡಬಾರದು, ಮತ್ತು ಸೀಳಿನ ಮೇಲೆ ಬೇರೆ ಅಲಂಕಾರದ ಪಟ್ಟಿ ಹಾಕಿ ಅಂಚಿನ ದಪ್ಪವನ್ನು ಹೆಚ್ಚಿಸಬಾರದು.

ಸೀಳನ್ನು ಒಂದು ತಗಡಿನ ನಡುವೆ ಕೊರೆಯುವ ಅಗತ್ಯವಿಲ್ಲ. ಮುಂದಿನ ಕೆಳತಗಡಿನ ಮೇಲಂಚಿನಲ್ಲಿ, ನಡುಗೆರೆಯ ಎರಡೂ ಬದಿಗೆ ಒಂದೂವರೆ ಸೆಂ.ಮೀ. ಬಿಟ್ಟು, ಅಲ್ಲಿಂದ ಹೊರಕ್ಕೆ 10 ಸೆಂ.ಮೀ. ಉದ್ದ, 2.5 ಸೆಂ.ಮೀ. ಆಳದ ಎರಡು ಕಚ್ಚು ತೆಗೆಯಿರಿ. ಆ ಆಳದಲ್ಲಿ ಒಂದೂವರೆ ಸೆಂ.ಮೀ. ಮೇಲುತಗಡಿನ ಅಡಿಗೆ ಹೋಗುತ್ತದೆ, ಉಳಿದ 10 ಮಿ.ಮೀ. ನೋಟದ ಸೀಳಾಗಿ ತೆರೆದಿರುತ್ತದೆ. ನಡುವೆ ಉಳಿದ 3 ಸೆಂ.ಮೀ. ಅಗಲದ ನಾಲಿಗೆ ಮೇಲುತಗಡಿಗೆ ರಿವೆಟ್ ಆಗಿ ಮೂಗಿನ ಕಂಬವಾಗುತ್ತದೆ. ಕಚ್ಚಿನ ಮೂಲೆಗಳನ್ನು ಚೌಕವಾಗಿ ಬಿಡದೆ ಮೊದಲು 5 ಮಿ.ಮೀ. ರಂಧ್ರ ಕೊರೆದು ಅಲ್ಲಿಗೆ ಕತ್ತರಿ ತಂದರೆ, ಬಾಗಿಸುವಾಗ ತಗಡು ಮೂಲೆಯಿಂದ ಸೀಳುವುದಿಲ್ಲ.

ಕೆಳ ತುಟಿಯನ್ನು ಇಕ್ಕಳದಿಂದ ಹಿಡಿದು ಮೂರು, ನಾಲ್ಕು ಮಿ.ಮೀ. ಹೊರಕ್ಕೆ ಬಗ್ಗಿಸಿ. ಎದೆಯಿಂದ ಮುಖದ ಮೇಲೆ ಜಾರಿ ಬರುವ ಈಟಿಯ ಮೊನೆ ಈ ತುಟಿಗೆ ತಾಗಿ ಹೊರಕ್ಕೆ ಚಿಮ್ಮುತ್ತದೆ, ಸೀಳಿನೊಳಕ್ಕೆ ಇಳಿಯುವುದಿಲ್ಲ. ಇಷ್ಟು ಚಿಕ್ಕ ಮಡಿಕೆಯಲ್ಲಿ ಇಷ್ಟು ದೊಡ್ಡ ವಿಚಾರವಿದೆಯೆಂದು ನನಗೆ ಮೊದಲ ಸಲ ಅರ್ಥವಾದಾಗ ಆ ಹೆಸರಿಲ್ಲದ ಕಮ್ಮಾರರ ಬಗ್ಗೆ ನನ್ನಲ್ಲಿ ಹುಟ್ಟಿದ ಗೌರವ ಇಂದಿಗೂ ಕಡಿಮೆಯಾಗಿಲ್ಲ.

ಉಸಿರಿನ ರಂಧ್ರಗಳು ಬಾಯಿಯ ಮಟ್ಟದಲ್ಲಿ, ಧರಿಸಿದವರ ಬಲಬದಿಯಲ್ಲಿ ಬರಲಿ. ಈಟಿಯ ಪಂದ್ಯದಲ್ಲಿ ಸವಾರರು ಒಬ್ಬರಿಗೊಬ್ಬರು ಎಡಬದಿ ಕೊಟ್ಟು ಎದುರಾಗುತ್ತಾರೆ. ಏಟು ಬೀಳುವ ಎಡಗೆನ್ನೆಯ ತಗಡು ತೂತಿಲ್ಲದೆ ಇಡಿಯಾಗಿರಬೇಕು. ಕ್ಯಾಂಟರ್ಬರಿ ಕೆಥೆಡ್ರಲ್‌ನಲ್ಲಿರುವ, 1376ರಲ್ಲಿ ತೀರಿಕೊಂಡ ಬ್ಲ್ಯಾಕ್ ಪ್ರಿನ್ಸ್ ಎಂಬ ಇಂಗ್ಲಿಷ್ ರಾಜಕುಮಾರನ ಶಿರಸ್ತ್ರಾಣದಲ್ಲಿ ಬಲಬದಿಯ ರಂಧ್ರಗಳನ್ನೇ ಕಿರೀಟದ ಆಕಾರದಲ್ಲಿ ಜೋಡಿಸಲಾಗಿದೆ. ನಾವು 5 ಮಿ.ಮೀ. ರಂಧ್ರಗಳನ್ನು ಹತ್ತು ಮಿ.ಮೀ. ಅಂತರದಲ್ಲಿ ಐದು ಸಾಲು ಕೊರೆದರೆ ಸಾಕು. ವಿನ್ಯಾಸವನ್ನು ಕಾಗದದ ಮೇಲೆ ಬರೆದು, ತಗಡಿಗೆ ಅಂಟಿಸಿ, ಪ್ರತಿ ಚುಕ್ಕೆಗೂ ಮೊಳೆಯಿಂದ ಗುರುತು ಕುಟ್ಟಿಕೊಂಡು ಡ್ರಿಲ್ ಮಾಡಬೇಕು. ತಗಡು ಚಪ್ಪಟೆಯಾಗಿರುವಾಗಲೇ ಈ ಕೆಲಸ ಮುಗಿಸಬೇಕು, ಬಾಗಿದ ಮೇಲೆ ಡ್ರಿಲ್‌ನ ತುದಿ ಜಾರುತ್ತದೆ. ಒಳಬದಿಯಲ್ಲಿ ಎದ್ದ ಮುಳ್ಳುಗಳನ್ನು ದೊಡ್ಡ ಡ್ರಿಲ್ ತುದಿಯನ್ನು ಕೈಯಲ್ಲೇ ತಿರುಗಿಸಿ ತೆಗೆಯಿರಿ. ಅವು ತುಟಿಗೆ ಎದುರಾಗಿರುತ್ತವೆ.

ಬಾಗಿಸುವುದು, ಕೂಡಿಸುವುದು

ಅಂಡಾಕಾರದ ಶಿರಸ್ತ್ರಾಣದಲ್ಲಿ ಬಾಗು ಎಲ್ಲೆಡೆಯೂ ಒಂದೇ ಅಲ್ಲ. ನಮ್ಮ ಅಳತೆಗೆ, ಮೂಗಿನ ನೇರಕ್ಕೂ ಹಿಂದಲೆಗೂ ಬಾಗಿನ ತ್ರಿಜ್ಯ ಸುಮಾರು ಏಳೂವರೆ ಸೆಂ.ಮೀ., ಕಿವಿಯ ಬದಿಗಳಲ್ಲಿ 17 ಸೆಂ.ಮೀ. ಹತ್ತಿರ ಬರುತ್ತದೆ. ತಗಡು ಬಿಟ್ಟ ಕೂಡಲೇ ತುಸು ಹಿಂದಕ್ಕೆ ಚಿಮ್ಮುವುದರಿಂದ, ಬೇಕಾದ್ದಕ್ಕಿಂತ ಸಣ್ಣ ದಿಮ್ಮಿಯ ಮೇಲೆ ಬಾಗಿಸಬೇಕು. ತೋಟದಲ್ಲಿ ಕೊಂಬೆ ಸವರಿದಾಗ ಸಿಗುವ ಸಿಲ್ವರ್ ಓಕ್‌ನ 12 ಅಥವಾ 13 ಸೆಂ.ಮೀ. ಅಡ್ಡಳತೆಯ ನೇರ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ತೊಗಟೆ ಸುಲಿದು, ಎರಡು ಕುರ್ಚಿಗಳಿಗೆ ಅಡ್ಡಲಾಗಿ ಕಟ್ಟಿ, ತಗಡಿನ ನಡುಭಾಗವನ್ನು ಅದರ ಮೇಲಿಟ್ಟು ಎರಡು ಕೈಯಿಂದ ಎರಡು ಬದಿಗೆ ಒತ್ತುತ್ತಾ ಬರಬೇಕು. ಸುತ್ತಿಗೆ ಬೇಡ, ಪ್ರತಿ ಏಟೂ ಒಂದೊಂದು ಚಪ್ಪಟೆ ಗುರುತು ಉಳಿಸುತ್ತದೆ. ತೀರ ಬೇಕಾದಲ್ಲಿ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ರಟ್ಟಿನ ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡು ಆಗಾಗ ಹೋಲಿಸಿ ನೋಡುತ್ತಿರಿ.

ಮುಂದಿನ ಕೆಳತಗಡಿಗೆ ಮಾತ್ರ ನಡುಗೆರೆಯ ಉದ್ದಕ್ಕೂ ಒಂದು ಮೊಂಡು ಏಣು ಬರಲಿ. ಮರದ ಹಲಗೆಯ ಅಂಚಿನ ಮೇಲೆ ನಡುಗೆರೆಯನ್ನಿಟ್ಟು ಎರಡೂ ಬದಿ ಒತ್ತಿದರೆ ಆಗುತ್ತದೆ. ದೋಣಿಯ ಮುಂಭಾಗದಂತೆ ಮುಖ ಎರಡು ಕಡೆಗೆ ಇಳಿಜಾರಾಗುವುದರಿಂದ ನೇರ ಏಟು ನೇರವಾಗಿ ಉಳಿಯುವುದಿಲ್ಲ.

ಕೂಡಿಸಲು 4 ಮಿ.ಮೀ. ದಪ್ಪ, 8 ಮಿ.ಮೀ. ಉದ್ದದ ಗುಂಡುತಲೆಯ ಮೃದು ಉಕ್ಕಿನ ರಿವೆಟ್‌ಗಳು ಬೇಕು. ಎರಡು ತಗಡುಗಳ ದಪ್ಪ ಕಳೆದು ಐದಾರು ಮಿ.ಮೀ. ಉಳಿದರೆ ಒಳಬದಿಯಲ್ಲಿ ತಲೆ ಚೆನ್ನಾಗಿ ಬಡಿಯಬಹುದು. ರಿವೆಟ್ಟಿನ ರಂಧ್ರಗಳೆಲ್ಲವನ್ನೂ ಮೊದಲೇ ಕೊರೆಯುವ ಆಸೆಗೆ ಬಲಿಯಾಗಬೇಡಿ. ನನ್ನ ಎರಡನೆಯ ಶಿರಸ್ತ್ರಾಣ ಕೆಟ್ಟದ್ದು ಹಾಗೆಯೇ: ಮೇಜಿನ ಮೇಲೆ ಕರಾರುವಾಕ್ಕಾಗಿ ಹೊಂದಿದ್ದ ರಂಧ್ರಗಳು ಬಾಗಿಸಿದ ಮೇಲೆ ಅರ್ಧಕ್ಕರ್ಧ ತಪ್ಪಿಹೋದವು, ಏಕೆಂದರೆ ಹೊರಗಿನ ತಗಡು ಒಳಗಿನದಕ್ಕಿಂತ ಉದ್ದವಾದ ದಾರಿ ಸುತ್ತಿ ಬರುತ್ತದೆ. ಸರಿಯಾದ ಕ್ರಮವೆಂದರೆ, ಹೊರತಗಡಿನಲ್ಲಿ ಮಾತ್ರ 3 ಸೆಂ.ಮೀ.ಗೆ ಒಂದರಂತೆ ರಂಧ್ರ ಕೊರೆದುಕೊಂಡು, ಎರಡನ್ನೂ ಒತ್ತಿ ಹಿಡಿದು ನಡುವಿನ ಒಂದು ರಂಧ್ರದ ಮೂಲಕ ಒಳತಗಡನ್ನು ಕೊರೆದು, ಅಲ್ಲಿ 4 ಮಿ.ಮೀ. ಬೋಲ್ಟ್ ಬಿಗಿದು, ಆಮೇಲೆ ಎಡಕ್ಕೊಂದು ಬಲಕ್ಕೊಂದು ಎಂದು ಮುಂದುವರಿಯುವುದು. ಇಡೀ ಶಿರಸ್ತ್ರಾಣ ಬೋಲ್ಟುಗಳ ಮೇಲೆ ನಿಂತು, ತಲೆಗೆ ಹಾಕಿ ನೋಡಿ ಒಪ್ಪಿಗೆಯಾದ ಮೇಲೆ ಒಂದೊಂದೇ ಬೋಲ್ಟ್ ತೆಗೆದು ರಿವೆಟ್ ಹೊಡೆಯಿರಿ. ರಿವೆಟ್ಟಿನ ಗುಂಡುತಲೆ ಹೊರಗಿರಬೇಕು. ಅದನ್ನು ಹಳೆಯ ಉಕ್ಕಿನ ತುಂಡಿಗೆ ಆನಿಸಿ, ಒಳಗಿನ ತುದಿಯನ್ನು ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತಾ ಅಣಬೆಯ ಆಕಾರಕ್ಕೆ ತರಬೇಕು.

ಕೊನೆಗೆ ನೆತ್ತಿ. ಅಂಡಾಕಾರದ ತಗಡನ್ನು ಅದೇ ಆಕಾರದ ದಪ್ಪ ಹಲಗೆಯ ಮೇಲೆ ಬಿಗಿದು, ಹೊರಚಾಚಿದ 12 ಮಿ.ಮೀ. ಅಂಚನ್ನು ಸುತ್ತಿಗೆಯಿಂದ ಕೆಳಕ್ಕೆ ಮಡಚುತ್ತಾ ಬನ್ನಿ. ಒಂದೇ ಸುತ್ತಿನಲ್ಲಿ 90 ಡಿಗ್ರಿ ಮಡಚಿದರೆ ನೆರಿಗೆ ಬೀಳುತ್ತದೆ. ನಾಲ್ಕು ಸುತ್ತು ಮಾಡಿ, ಪ್ರತಿ ಸುತ್ತಿನಲ್ಲೂ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮಾತ್ರ ಇಳಿಸಿ. ಹಲಗೆಯು ಶಿರಸ್ತ್ರಾಣದ ಮೇಲ್ಬಾಯಿಗಿಂತ ಮೂರು ಮಿ.ಮೀ. ದೊಡ್ಡದಿರಲಿ, ಆಗ ನೆತ್ತಿ ಡಬ್ಬಿಯ ಮುಚ್ಚಳದಂತೆ ಹೊರಗಿನಿಂದ ಕೂರುತ್ತದೆ. ಬಯಸಿದವರು ಸೀಳಿನ ಕೆಳಗೂ ಮೂಗಿನ ಉದ್ದಕ್ಕೂ ಹಿತ್ತಾಳೆಯ ಪಟ್ಟಿಗಳನ್ನು ಶಿಲುಬೆಯ ಆಕಾರದಲ್ಲಿ ರಿವೆಟ್ ಮಾಡಬಹುದು. ಅಂಥ ಶಿಲುಬೆ ಮೂಲದಲ್ಲಿ ಶ್ರದ್ಧೆಯ ಗುರುತೂ ಹೌದು, ಮುಖದ ತಗಡಿಗೆ ಆಸರೆಯೂ ಹೌದು.

ಒಳಮೆತ್ತೆ

ಮೆತ್ತೆಯಿಲ್ಲದ ಶಿರಸ್ತ್ರಾಣ ಬರಿಯ ಪಾತ್ರೆ. ಏಟಿನ ಬಲವನ್ನು ತಗಡು ಹರಡುತ್ತದೆ, ಮೆತ್ತೆ ಅದನ್ನು ನಿಧಾನಗೊಳಿಸುತ್ತದೆ. ಆ ಕಾಲದಲ್ಲಿ ನಾರುಬಟ್ಟೆಯ ನಡುವೆ ಉಣ್ಣೆ, ಕುದುರೆಕೂದಲು ಅಥವಾ ಅಗಸೆಯ ನಾರು ತುಂಬಿ ಹೊಲಿಯುತ್ತಿದ್ದರು. ತಲೆಗೆ ಮೊದಲು ಹೊಲಿದ ಟೋಪಿ, ಅದರ ಮೇಲೆ ಕಬ್ಬಿಣದ ಬಳೆಗಳನ್ನು ಹೆಣೆದ ಸರಪಣಿ ಮುಸುಕು, ಹಲವರಿಗೆ ಚಿಕ್ಕದೊಂದು ಉಕ್ಕಿನ ಬಟ್ಟಲು, ಇವೆಲ್ಲದರ ಮೇಲೆ ಗ್ರೇಟ್ ಹೆಲ್ಮ್. ಆ ಚಿಕ್ಕ ಬಟ್ಟಲೇ ಮುಂದೆ ಬೆಳೆದು ಬ್ಯಾಸಿನೆಟ್ ಆಯಿತು, ಗ್ರೇಟ್ ಹೆಲ್ಮ್ ಯುದ್ಧಭೂಮಿಯಿಂದ ಹಿಂದೆ ಸರಿದು ಪಂದ್ಯಗಳಿಗೆ ಮೀಸಲಾಯಿತು.

ನಮಗೆ ಹಳೆಯ ಕಂಬಳಿ ಎಲ್ಲಕ್ಕಿಂತ ಒಳ್ಳೆಯದು. ಎರಡು ಪದರ ದಪ್ಪ ಹತ್ತಿಬಟ್ಟೆಯ ನಡುವೆ ಕಂಬಳಿಯ ಎರಡು ಪದರವಿಟ್ಟು, ಬೆರಳಗಲದ ಸಾಲುಗಳಲ್ಲಿ ಹೊಲಿದು, ಮೇಲ್ಭಾಗವನ್ನು ಎಂಟು ಎಸಳುಗಳಾಗಿ ಕತ್ತರಿಸಿ. ಎಸಳುಗಳ ತುದಿಯಲ್ಲಿ ದಾರ ಪೋಣಿಸಿ ಎಳೆದರೆ ಅವು ಗುಮ್ಮಟದಂತೆ ಕೂಡುತ್ತವೆ. ದಾರ ಬಿಗಿದರೆ ಶಿರಸ್ತ್ರಾಣ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಕಣ್ಣನ್ನು ಸೀಳಿಗೆ ಸರಿಯಾಗಿ ಹೊಂದಿಸುವುದು ಈ ದಾರದಿಂದಲೇ. ಮೆತ್ತೆಯ ಕೆಳ ಅಂಚನ್ನು ತಗಡಿಗೆ ರಿವೆಟ್ ಮಾಡಿದ ಚರ್ಮದ ಪಟ್ಟಿಗೆ ಹೊಲಿಯುವುದು ಹಳೆಯ ಕ್ರಮ. ಆದರೆ ನಮ್ಮ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ, ಆದ್ದರಿಂದ ನಾನು ದಪ್ಪ ಕ್ಯಾನ್ವಾಸ್ ಪಟ್ಟಿ ಹಾಕಿ, ಮೆತ್ತೆಯನ್ನು ದಾರದ ಕಟ್ಟುಗಳಿಂದ ಬಿಚ್ಚಿ ತೆಗೆಯುವಂತೆ ಮಾಡಿದ್ದೇನೆ. ಮೂಲಕ್ಕೆ ನಿಷ್ಠೆ ಬಿಟ್ಟುಕೊಟ್ಟದ್ದು ಇದೊಂದೇ ಕಡೆ.

ಮೊದಲ ದಿನ ಹತ್ತು ನಿಮಿಷಕ್ಕಿಂತ ಹೆಚ್ಚು ಧರಿಸಬೇಡಿ. ಬಿಟ್ಟ ಉಸಿರು ಒಳಗೇ ಸುಳಿದಾಡುತ್ತದೆ, ತಮ್ಮ ಧ್ವನಿಯೇ ತಮ್ಮ ಕಿವಿಯಲ್ಲಿ ಮೊಳಗುತ್ತದೆ, ಕಾಲಿನ ಬಳಿಯ ನೆಲ ಕಾಣುವುದಿಲ್ಲ. ಮೆಟ್ಟಿಲ ಬಳಿ ಇನ್ನೊಬ್ಬರು ಕೈ ಹಿಡಿದಿರಬೇಕು. ಇದು ನೋಡಲು, ತಿಳಿಯಲು, ರಂಗದ ಮೇಲೆ ಧರಿಸಲು ಮಾಡಿದ ವಸ್ತು. ಕೋಲಿನಿಂದಾಗಲಿ ಕತ್ತಿಯಿಂದಾಗಲಿ ಇದರ ಮೇಲೆ ಹೊಡೆಯಲು ಯಾರಿಗೂ ಬಿಡಬಾರದು.

ಮಳೆಗಾಲಕ್ಕೆ ಮುನ್ನ

ಗಾಳಿಯ ತೇವಾಂಶ ಶೇಕಡಾ 60 ಮೀರಿದರೆ ಬರಿಯ ಉಕ್ಕು ಬೇಗನೆ ತುಕ್ಕು ಹಿಡಿಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಬಿಸಿಲಿರುವಾಗಲೇ ಶಿರಸ್ತ್ರಾಣವನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಒರಸಿ, ಬಿಸಿಲಿನಲ್ಲಿಟ್ಟು ಬೆಚ್ಚಗಾಗಿಸಿ. ಒಂದು ಪಾಲು ಜೇನುಮೇಣವನ್ನು ಮೂರು ಪಾಲು ಅಗಸೆ ಎಣ್ಣೆಯಲ್ಲಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿಕೊಳ್ಳಿ. ನೇರ ಬೆಂಕಿಯ ಮೇಲೆ ಬೇಡ. ಆ ಮಿಶ್ರಣವನ್ನು ಬೆಚ್ಚಗಿನ ತಗಡಿಗೆ ತೆಳುವಾಗಿ ಸವರಿ, ಅರ್ಧ ಗಂಟೆ ಬಿಟ್ಟು, ಹೆಚ್ಚಾದದ್ದನ್ನು ಒರಸಿ. ಸಂದುಗಳಲ್ಲೂ ರಿವೆಟ್ಟಿನ ಸುತ್ತಲೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತುಂಬಬೇಕು, ತುಕ್ಕು ಆರಂಭವಾಗುವುದು ಅಲ್ಲಿಂದಲೇ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹರವಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಸಿಡಿ.

ಮೆತ್ತೆಯನ್ನು ಬಿಚ್ಚಿ ಬೇರೆಯಾಗಿ ಇಡಬೇಕು. ಬೆವರು ಹೀರಿದ ಕಂಬಳಿಯಲ್ಲಿ ಉಪ್ಪಿರುತ್ತದೆ, ಅದು ತಗಡಿಗೆ ತಾಗಿಕೊಂಡು ನಾಲ್ಕು ತಿಂಗಳು ಕೂತರೆ ಒಳಗೆ ಉಂಗುರದಂತೆ ತುಕ್ಕು ಕೊರೆಯುತ್ತದೆ. ಶಿರಸ್ತ್ರಾಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಬಟ್ಟೆಗಳಿಗೆ ಮಾಡುವಂತೆ ಸಣ್ಣ ಬಲ್ಬು ಉರಿಯುವ ಕಪಾಟಿನಲ್ಲಿ, ಬಲ್ಬಿಗೆ ತಾಗದ ಹಾಗೆ ಇಡಿ. ಎರಡು ವಾರಕ್ಕೊಮ್ಮೆ ತೆಗೆದು ನೋಡಿ, ಬೆರಳು ತಾಗಿದಲ್ಲೆಲ್ಲ ಎಣ್ಣೆ ಬಟ್ಟೆಯಿಂದ ಒರಸಿ. ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಎಂಬ ಆಯುಧಗಳ ಹಬ್ಬಕ್ಕೆಂದು ಕೊಡವರ ಮನೆಗಳಲ್ಲಿ ಕೋವಿ, ಒಡಿಕತ್ತಿಗಳನ್ನು ತೆಗೆದು ಶುಚಿ ಮಾಡಿ ತೋಕ್ ಪೂವಿನಿಂದ ಅಲಂಕರಿಸುವಾಗ, ಅದೇ ಎಣ್ಣೆ, ಅದೇ ಬಟ್ಟೆಯಿಂದ ಇದಕ್ಕೂ ಇನ್ನೊಂದು ಕೈ ಮೇಣ ಹಚ್ಚಬಹುದು. ನಮ್ಮ ನೆರೆಮನೆಯ ಹಿರಿಯರು ಕಳೆದ ವರ್ಷ ನನ್ನ ಶಿರಸ್ತ್ರಾಣವನ್ನು ಕೈಗೆ ತೆಗೆದುಕೊಂಡು, ಸೀಳಿನ ಕೆಳ ತುಟಿಯ ಮೇಲೆ ಬೆರಳಾಡಿಸಿ, ಇಲ್ಲಿ ಎಣ್ಣೆ ನಿಲ್ಲುವುದಿಲ್ಲ, ತಿಂಗಳಿಗೊಮ್ಮೆ ಹಚ್ಚು ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಆ ಅಂಚಿಗೆ ಈಗ ತಿಂಗಳಿಗೊಮ್ಮೆ ಹಚ್ಚುತ್ತೇನೆ.